ಮೂರನೇ ಡಬ್ಬ

13 ಆಗಸ್ಟ್ 2024, ಮಂಗಳವಾರ

ಇವತ್ತೂ ಜಾಮೂನು, ನಾಳೆಯೂ ಜಾಮೂನು. ವರಮಹಾಲಕ್ಷ್ಮಿ ಹಬ್ಬ ಮುಗಿಯುವವರೆಗೆ ನಮ್ಮ ಕುಮಾರಸ್ವಾಮಿ ಲೇಔಟ್ ಫ್ಯಾಕ್ಟರಿಯಲ್ಲಿ ಬೇರೆ ಮಾತಿಲ್ಲ. ಒಂಬತ್ತು ಜನ ಹೆಂಗಸರು, ಎರಡು ಫ್ಯಾನು. ಒಂದು ತಿರುಗುವುದಿಲ್ಲ.

ಹಿಟ್ಟು ಕಲಸುವುದು ಸಪ್ಪಲಮ್ಮಕ್ಕ. ಹನ್ನೊಂದು ವರ್ಷದಿಂದ ಅವಳದೇ ಕೈ. ಓದು ಬರುವುದಿಲ್ಲ, ಮೊಬೈಲಿಗೆ ಮೆಸೇಜ್ ಬಂದರೆ ನಾನೇ ಓದಿ ಹೇಳಬೇಕು. ಶೆಲ್ಫಿನ ಕಡೆ ತಿರುಗಿಯೂ ನೋಡುವುದಿಲ್ಲ. ಎಡಗಡೆಯಿಂದ ಮೂರನೇ ಡಬ್ಬ ಸೋಡಾ, ಕೈ ಅಲ್ಲಿಗೇ ಹೋಗುತ್ತದೆ. ಮೊದಲ ಒಬ್ಬೆ ಬೆಂದ ಮೇಲೆ ಒಂದು ಬಾಯಿಗೆ ಹಾಕಿಕೊಂಡು "ಹೂಂ" ಅನ್ನುತ್ತಾಳೆ. ಆಮೇಲೆಯೇ ಪ್ಯಾಕಿಂಗ್.

15 ಆಗಸ್ಟ್, ಗುರುವಾರ, ಸಂಜೆ

ಊರಿಗೆಲ್ಲ ರಜೆ, ನಮಗಿಲ್ಲ. ಸೋಮವಾರ ಫುಡ್ ಇನ್‌ಸ್ಪೆಕ್ಟರ್ ಬರುತ್ತಾರಂತೆ. ಮಾಲೀಕರು ಚಕ್ರಪಾಣಿ ಸಾರ್ ಕರೆದರು. "ಇಂದ್ರಾಣಿ, ನೀನು ಪಿಯುಸಿ ಓದಿದೀಯ. ಹೊರಗಡೆ ಒಂದು ಮೂಟೇನೂ ಕಾಣ್ಬಾರ್ದು. ಎಲ್ಲಾ ಡಬ್ಬಕ್ಕೆ ಹಾಕಿ ಲೇಬಲ್ ಅಂಟ್ಸು. ನಿನ್ನನ್ನೇ ಸ್ಟೋರ್ ಇನ್‌ಚಾರ್ಜ್ ಮಾಡ್ತೀನಿ."

ಸಪ್ಪಲಮ್ಮಕ್ಕ ಮೂರಕ್ಕೇ ಹೂ ತರಲು ಹೋಗಿದ್ದಳು. ಒಬ್ಬಳೇ ಕೂತು ಮಾಡಿದೆ. ಎಲ್ಲ ಒಂದೇ ಅಳತೆಯ ಬಿಳಿ ಡಬ್ಬ. ನಲ್ಲಿ ಹತ್ತಿರ ಬಿದ್ದಿದ್ದ ಕಡಾಯಿ ಜಿಡ್ಡು ತೆಗೆಯುವ ಪುಡಿಯನ್ನೂ ಒಂದಕ್ಕೆ ತುಂಬಿದೆ. ಅಕಾರಾದಿಯಾಗಿ ಜೋಡಿಸಿದೆ: ಏಲಕ್ಕಿ, ಕಡಲೆಹಿಟ್ಟು, ಕಡಾಯಿ ಪುಡಿ, ಮೈದಾ, ಸೋಡಾ. ನೋಡಿದರೆ ಬ್ಯಾಂಕಿನ ಹಾಗಿತ್ತು. ಖುಷಿಯಾಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಇನ್‌ಚಾರ್ಜ್ ಆದ ಮೇಲೆ ಹೇಳೋಣ ಅಂತ.

16 ಆಗಸ್ಟ್, ಶುಕ್ರವಾರ

ಬೆಳಿಗ್ಗೆ ಐದಕ್ಕೇ ಶುರು. ಲಕ್ಷ್ಮಿ ಪೂಜೆ ಆಗುವವರೆಗೆ ಎಲ್ಲರೂ ಉಪವಾಸ, ಬಾಯಿಗೆ ಒಂದು ತೊಟ್ಟು ನೀರೂ ಇಲ್ಲ. ಹಾಗಾಗಿ ಸಪ್ಪಲಮ್ಮಕ್ಕ ರುಚಿ ನೋಡಲಿಲ್ಲ. "ಕೈ ಯಾಕೋ ಉರೀತೈತೆ ಕಣೆ" ಅಂದಳು. "ಹೊಟ್ಟೇಲಿ ಏನೂ ಇಲ್ವಲ್ಲಕ್ಕ, ಅದಕ್ಕೇ" ಅಂದೆ ನಾನು. ಬುದ್ಧಿವಂತೆ! ಬಣ್ಣ ಕಪ್ಪಗೆ ಬಂತು. ಎಣ್ಣೆ ಜಾಸ್ತಿ ಕಾದಿರಬೇಕು ಎಂದುಕೊಂಡು ಪಾಕಕ್ಕೆ ಹಾಕಿದೆವು. ಏಳಕ್ಕೆ ವ್ಯಾನು ಜಯನಗರದ ಅಂಗಡಿಗೆ ಹೋಯಿತು.

ಮಧ್ಯಾಹ್ನ ಫೋನು ಶುರುವಾಯಿತು. ವಾಂತಿ, ಬಾಯಿ ಸುಟ್ಟಿದೆ, ಒಂದು ಮಗು ಆಸ್ಪತ್ರೆಯಲ್ಲಿ. ಎಲ್ಲರೂ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ನಾನು ಸ್ಟೋರಿಗೆ ಓಡಿದೆ. ಮೂರನೇ ಡಬ್ಬದ ಮುಚ್ಚಳ ಸಡಿಲವಾಗಿತ್ತು. ಲೇಬಲ್ ಓದಿದೆ: ಕಡಾಯಿ ಪುಡಿ. ನನ್ನದೇ ಅಕ್ಷರ. ಡಬ್ಬ ಜೋಡಿಸಿದೆ ಅಂತ ಅವಳಿಗೆ ಹೇಳಬೇಕಿತ್ತು. ಒಂದು ಮಾತು... ಹೊಳೆಯಲೇ ಇಲ್ಲ.

ಆಮೇಲೆ ಮಾಡಿದ್ದನ್ನೂ ಬರೆಯುತ್ತೇನೆ, ಇಲ್ಲಾದರೂ ಬರೆಯಬೇಕು. ಎರಡು ಡಬ್ಬ ಅದಲುಬದಲು ಮಾಡಿದೆ. ಸೋಡಾ ಮೂರನೇ ಜಾಗಕ್ಕೆ, ಕಡಾಯಿ ಪುಡಿ ಕೊನೆಗೆ. ಯೋಚಿಸಿ ಮಾಡಲಿಲ್ಲ. ಕೈ ಮಾಡಿತು.

17 ಆಗಸ್ಟ್

ಆಫೀಸರುಗಳು ಬಂದು ಸ್ಯಾಂಪಲ್ ಒಯ್ದರು. ಚಕ್ರಪಾಣಿ ಸಾರ್ ಅವರೆದುರಿಗೇ ಸಪ್ಪಲಮ್ಮಕ್ಕನ ಮೇಲೆ ಕೂಗಾಡಿದರು. "ಯಾವ ಡಬ್ಬ ತಗೊಂಡೆ?"

"ಮೂರನೇದೇ ಸಾರ್. ಯಾವಾಗ್ಲೂ ಮೂರನೇದೇ."

ಅವರು ಮೂರನೆಯದನ್ನು ತೆಗೆದು ಅವಳ ಮುಂದೆ ಹಿಡಿದರು. ಸೋಡಾ. ಸಪ್ಪಲಮ್ಮಕ್ಕ ಅದನ್ನು ನೋಡಿದಳು, ಆಮೇಲೆ ತನ್ನ ಬಲಗೈ ನೋಡಿಕೊಂಡಳು. "ಹಂಗಾದ್ರೆ ನಾನೇ ಎಲ್ಲೋ ತಪ್ಪಿದೀನಿ" ಅಂದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಪಾಡು.

22 ಆಗಸ್ಟ್, ಗುರುವಾರ

ನಾಲ್ಕು ದಿನ ಬರೆಯಲಿಲ್ಲ. ಫ್ಯಾಕ್ಟರಿಗೆ ಬೀಗ. ಮಗುವಿನ ಹೆಸರು ಇಂಚರ, ಐದು ವರ್ಷ, ಪೇಪರಿನಲ್ಲಿತ್ತು. ಗಂಟಲು ಸುಟ್ಟಿದೆ. ಮೂಗಿಗೆ ಹಾಕಿದ ಟ್ಯೂಬಿನಲ್ಲಿ ಹಾಲು.

ಇವತ್ತು ಸಪ್ಪಲಮ್ಮಕ್ಕ ಸುದ್ದಗುಂಟೆಪಾಳ್ಯದವರೆಗೂ ನನ್ನ ಮನೆ ಹುಡುಕಿಕೊಂಡು ಬಂದಳು. ಸ್ಟೇಷನ್‌ಗೆ ಹೇಳಿಕೆ ಕೊಡಬೇಕಂತೆ, ಬರೆಸಿಕೊಂಡು ಬಾ ಎಂದು ಸಾರ್ ಕಳಿಸಿದ್ದಾರೆ. "ಬೇರೇರ ಹತ್ರ ಬರೆಸಿದ್ರೆ ಏನೇನ್ ಬರೀತಾರೋ. ನೀನಾದ್ರೆ ನಂಬಬೋದು" ಅಂದಳು.

ಬರೆದೆ. "ನನ್ನ ಅಜಾಗರೂಕತೆಯಿಂದ..." ಓದಿ ಹೇಳಿದೆ. ತಲೆಯಾಡಿಸಿದಳು. ಹೆಬ್ಬೆಟ್ಟು ಒತ್ತಿದಳು. ಕಾಫಿ ಕೊಟ್ಟರೆ ಬೇಡ ಅಂದಳು. "ಆ ಮಗು ಹಾಲು ಕುಡಿಯೋ ತಂಕ ನನ್ ಗಂಟ್ಲಲ್ಲಿ ಏನೂ ಇಳಿಯಲ್ಲ ಕಣೆ."

ನಾನು ಊಟ ಮಾಡಿದೆ, ಎರಡು ಸಲ ಬಡಿಸಿಕೊಂಡೆ. ನನ್ನ ಮೇಲೆ ನನಗೇ ಹೇಸಿಗೆ.

24 ಆಗಸ್ಟ್, ಶನಿವಾರ

ಸ್ಟೇಷನ್‌ಗೆ ನನ್ನನ್ನೂ ಕರೆಸಿದರು. ಹೆಬ್ಬೆಟ್ಟಿನ ಕೆಳಗೆ, ಓದಿ ಹೇಳಿದವರ ಸಹಿ ಬೇಕಂತೆ. ಇನ್‌ಸ್ಪೆಕ್ಟರು ಅವಳನ್ನು ಕೇಳಿದರು, "ಇದ್ರಲ್ಲಿ ಏನ್ ಬರ್ದಿದೆ ಗೊತ್ತೇನಮ್ಮ?"

"ಗೊತ್ತು ಸಾರ್. ಇಂದ್ರಾಣಿ ಓದವ್ಳೆ. ಅವ್ಳು ಸುಳ್ಳು ಹೇಳೋಳಲ್ಲ."

ಸಹಿ ಹಾಕಿದೆ. ಅವಳನ್ನು ಅಲ್ಲೇ ಇಟ್ಟುಕೊಂಡರು. ಹೊರಗೆ ಬಂದಾಗ ಸಾರ್ ಮೆಲ್ಲಗೆ, "ಬೇರೆ ಕಡೆ ಯೂನಿಟ್ ಹಾಕ್ತೀನಿ, ನೀನು ಬಾ" ಅಂದರು. ಅವರಿಗೆ ಗೊತ್ತಿದೆಯೇ? ಕೇಳಲಿಲ್ಲ.

26 ಆಗಸ್ಟ್, ಸೋಮವಾರ, ಬೆಳಿಗ್ಗೆ 11:30

ಒಂಬತ್ತಕ್ಕೆ ಸೀರೆ ಉಟ್ಟೆ, ಸ್ಟೇಷನ್‌ಗೆ ಹೋಗಿ ಹೇಳಿಬಿಡೋಣ ಅಂತ. ಹತ್ತಾಯಿತು. ಹನ್ನೊಂದಾಯಿತು. ಬಸ್ಸುಗಳಿಗೇನೂ ಬರವಿಲ್ಲ.

ಬಾಗಿಲು ತಟ್ಟಿದ್ದು ಸಪ್ಪಲಮ್ಮಕ್ಕನ ಮಗಳು ಸರಸ್ವತಿ. ಜಾಮೀನಿಗೆ ಲಾಯರನ್ನು ಹಿಡಿದಿದ್ದಾಳಂತೆ. ಅವತ್ತು ಅಲ್ಲಿದ್ದವರ ಹತ್ತಿರ ಬರೆಸಿಕೊಂಡು ಬಾ ಎಂದಿದ್ದಾರಂತೆ. ಅಮ್ಮ ನನ್ನ ಹೆಸರನ್ನೇ ಹೇಳಿದಳಂತೆ. ಬಿಳಿ ಹಾಳೆ ಅವಳೇ ತಂದಿದ್ದಾಳೆ, ಮಡಿಕೆ ಬೀಳದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ.

"ಏನಂತ ಬರೀಲಿ?" ಎಂದು ಕೇಳಿದೆ.

"ನಂಗೇನ್ ಗೊತ್ತಕ್ಕ. ಏನ್ ನಡೀತೋ ಅದನ್ನೇ ಬರ್ಕೊಡಿ."

ಪೆನ್ನು ತರುತ್ತೇನೆಂದು ಒಳಗೆ ಬಂದೆ. ಪೆನ್ನು ಕೈಯಲ್ಲೇ ಇದೆ. ಅವಳು ಹೊರಗೆ ಕಾಯುತ್ತಿದ್ದಾಳೆ.