ಅರ ಜಾರಿದ ಉಕ್ಕು

ಅಪ್ಪಾ, ಗ್ಯಾರೇಜಿನಲ್ಲಿ ನೀನು ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ತೋವಿನಕೆರೆಯ ಟೀಚರಮ್ಮನ ಕಾರು ನೆನಪಿದೆಯಾ? ಪಕ್ಕದಿಂದ ಗೂಡ್ಸ್ ಆಟೊ ಗುದ್ದಿ, ಎರಡು ಬಾಗಿಲುಗಳ ನಡುವಿನ ಕಂಬ ಒಳಕ್ಕೆ ಬಾಗಿತ್ತು. ಶಿರಾಕ್ಕೆ ನಮ್ಮಲ್ಲಿಗೆ ತಂದಾಗ ನೀನು ಎದ್ದು ಬಂದೆ. ಹುಲಿಕುಂಟೆಯ ನಿನ್ನ ಕುಲುಮೆ ಮುಚ್ಚಿದಾಗ ಜೊತೆಗೆ ತಂದಿದ್ದ ಅರದಿಂದ ಆ ಕಂಬವನ್ನು ಎರಡು ಸಲ ಉಜ್ಜಿದೆ. ಅರ ಕಚ್ಚದೆ ಜಾರಿತು.

“ಇದು ತಗಡಲ್ಲ ಕಣ್ಲಾ, ಹದ ಕೊಟ್ಟಿರೋ ಉಕ್ಕು. ಬೆಂಕಿ ಇಕ್ಕಿದ್ರೆ ಹದ ಕೆಟ್ಟೋಯ್ತದೆ. ಹೊಸ ಕಂಬ ತರ್ಸು.”

ನಾನೇನಂದೆ? “ಅಪ್ಪಾ, ಇದು ಕುಡುಗೋಲಲ್ಲ, ಕಾರು. ಸುಮ್ನೆ ಕೂತ್ಕೊ.” ಕೆಲಸದವರೆಲ್ಲ ನಕ್ಕರು. ನಾನೂ ನಕ್ಕೆ. ನೀನು ಅರವನ್ನು ಪಂಚೆಗೆ ಒರೆಸಿಕೊಂಡು ಹೋಗಿ ಕೂತೆ. ಹೊಸ ಕಂಬಕ್ಕೆ ಎರಡು ವಾರ ಕಾಯಬೇಕಿತ್ತು, ನಾನು ಶುಕ್ರವಾರಕ್ಕೇ ಮಾತು ಕೊಟ್ಟಿದ್ದೆ. ಗ್ಯಾಸ್ ಹಚ್ಚಿ, ಕೆಂಪಗೆ ಕಾಯಿಸಿ, ಬಡಿದು ನೆಟ್ಟಗೆ ಮಾಡಿ ಬಣ್ಣ ಹೊಡೆದೆ. ಆ ಮಳೆಗಾಲ ಮುಗಿಯುವುದರೊಳಗೆ ನೀನೇ ಹೋಗಿಬಿಟ್ಟೆ.

ನಿನ್ನ ತಿಥಿಯಾದ ಮೇಲೆ ತುಮಕೂರಿಗೆ ಒಂದು ಟ್ರೇನಿಂಗಿಗೆ ಹೋಗಿದ್ದೆ. ಈಗಿನ ಕಾರುಗಳ ಆ ಕಂಬ ಹೈ ಸ್ಟ್ರೆಂತ್ ಸ್ಟೀಲಂತೆ. ಪಕ್ಕದಿಂದ ಗುದ್ದಿದರೆ ಒಳಗಿದ್ದವರನ್ನು ಕಾಯುವುದು ಅದೇ, ಕಾಯಿಸಿದರೆ ಮೆತ್ತಗಾಗುತ್ತದೆ ಅಂದರು. ನಿನ್ನದೇ ಮಾತು, ಪರದೆಯ ಮೇಲೆ ಇಂಗ್ಲಿಷಿನಲ್ಲಿ. ನೀನು ಹೇಳಿದಾಗ ನಕ್ಕವನು ಅಲ್ಲಿ ತಲೆಯಾಡಿಸಿ ಬರೆದುಕೊಂಡೆ. ನಾಚಿಕೆಯಾಗುತ್ತದೆ ಅಪ್ಪಾ.

ಆದರೂ ಮೂರು ತಿಂಗಳು ಬಾಯಿ ಬಿಡಲಿಲ್ಲ. ಟೀಚರಮ್ಮ ದಿನಾ ಆ ಕಾರಿನಲ್ಲೇ ಮಕ್ಕಳನ್ನು ಕೂರಿಸಿಕೊಂಡು ಮಧುಗಿರಿಗೆ ಓಡಾಡುವುದು ಗೊತ್ತಿತ್ತು. ಗೊತ್ತಿದ್ದೂ...

ಹೋದ ತಿಂಗಳು ಅವರ ಮನೆಗೆ ಹೋಗಿ ಹೇಳಿಬಿಟ್ಟೆ. ಅವರು ಎದ್ದು ಹೊರಗೆ ನಿಂತಿದ್ದ ಕಾರಿನ ಹಿಂಬಾಗಿಲು ತೆರೆದರು. “ಹಿಂದ್ಗಡೆ ನನ್ ಮಕ್ಳು ಕೂರ್ತಾವೆ ಕಣಪ್ಪ. ಅವತ್ತೇ ನಿಂಗೆ ಯಾರೂ ಹೇಳ್ಲಿಲ್ವಾ?”

“ಇಲ್ಲ ಮೇಡಂ, ಯಾರ್ಗೂ ಗೊತ್ತಿರ್ಲಿಲ್ಲ.”

ತಪ್ಪು ಒಪ್ಪಿಕೊಳ್ಳಲು ಹೋದವನು ಅಲ್ಲೂ ನಿನ್ನನ್ನು ಅಳಿಸಿಹಾಕಿದೆ. ಎಂಥ ಮಗ ನಾನು?

ಕಾರು ತಂದು ಹೊಸ ಕಂಬ ಕೂರಿಸಿದ್ದೇನೆ. ಕತ್ತರಿಸಿ ತೆಗೆದ ಹಳೆಯದರ ಮೇಲೆ ನಿನ್ನ ಅರ ಎಳೆದೆ. ಬೆಂಕಿ ತಾಗದ ತುದಿಯಲ್ಲಿ ಜಾರಿತು. ನಾನು ಕಾಯಿಸಿದ ಕಡೆ ಕಚ್ಚಿ ಪುಡಿ ಉದುರಿಸಿತು. ಅವತ್ತು ನಕ್ಕವರನ್ನೆಲ್ಲ ಕರೆದು ತೋರಿಸಿದೆ. ಒಬ್ಬೊಬ್ಬರಾಗಿ ತಾವೂ ಅರ ಎಳೆದು ನೋಡಿದರು.

ನಾಳೆ ಕಾರು ಕೊಡಲು ಹೋಗುತ್ತೇನೆ. ಟೀಚರಮ್ಮ ಕೇಳದಿದ್ದರೂ ಹೇಳುತ್ತೇನೆ: “ಒಬ್ರು ಹೇಳಿದ್ರು ಮೇಡಂ, ನಮ್ಮಪ್ಪ. ನಾನೇ ಸುಮ್ನೆ ಕೂತ್ಕೊ ಅಂದ್ಬುಟ್ಟೆ.”