ಬಿದನೂರು ಸಂಸ್ಥಾನದ ವೀಸಾಧಿಕಾರಿಣಿ

೩ ಸೆಪ್ಟೆಂಬರ್ ೨೦೧೯, ಸಂಜೆ, ಅಂಗಡಿಯಲ್ಲೇ

ಸ್ವಸ್ತಿ ಶ್ರೀ. ಸಮಸ್ತ ಜೆರಾಕ್ಸ್ ಮಂಡಲಾಧೀಶ್ವರಿ, ಆಧಾರ್ ತಿದ್ದುಪಡಿ ಚತುರೆ, ಪ್ರಿಂಟರ್‌ಜಾಮ್‌ಭಂಜನಿ, ಹೊಸನಗರ ಬಸ್‌ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರಿನಲ್ಲಿ ಒಂದು ಕೈ ಮುರಿದ ಕುರ್ಚಿಯನ್ನೇ ಸಿಂಹಾಸನ ಮಾಡಿಕೊಂಡು ಸುಖಸಂಕಥಾವಿನೋದದಿಂದ ರಾಜ್ಯವಾಳುತ್ತಿರುವ ನಗರದ ಕುಮಾರಿ ದೀಪಶ್ರೀಯವರು ತಮ್ಮದೇ ದಿನಚರಿಗೆ ಬರೆಸಿ ಕಳಿಸಿದ ನಿರೂಪ ಏನೆಂದರೆ —

ಇವತ್ತೂ ಮಧ್ಯಾಹ್ನದವರೆಗೆ ಕರೆಂಟ್ ಇರಲಿಲ್ಲ.

ಬಂದ ಮೇಲೆ ಪಾಸ್‌ಪೋರ್ಟ್ ಅರ್ಜಿಗಳನ್ನ ತುಂಬಿದೆ. ಒಂದು ಮಸ್ಕತ್ತಿಗೆ. ಒಂದು ಆಸ್ಟ್ರೇಲಿಯಾಕ್ಕೆ, ಮಗಳ ಬಾಣಂತನ. ಆ ಅಮ್ಮ ಫೋಟೊಗೆ ಸೆರಗು ಸರಿಮಾಡ್ಕೊಳ್ತಾ ಕೇಳಿದ್ರು, "ನೀನು ಎಲ್ಲಿಗೂ ಹೋಗಲ್ವೇನೆ?"

ಹೋಗ್ತೀನಿ. ಅವರು ಎದ್ದು ಹೋದ ಮೇಲೆ ತುಂಬಿದ ಅರ್ಜಿ ನಂದೇ.

ಬೈಕಲ್ಲಿ. ಅಣ್ಣ ದುರ್ಗೇಶ ಪಿಕಪ್ ತಗೊಂಡ ಮೇಲೆ ನನ್ನ ಹೆಸರಿಗೆ ಮಾಡಿಕೊಟ್ಟ ಹಳೇ ಗಾಡಿ. ಮಣಿಪುರದ ಗಡಿ ದಾಟಿ ಬರ್ಮಾ, ಥಾಯ್ಲೆಂಡ್, ಮಲೇಷಿಯಾ. ಡಿಸೆಂಬರಲ್ಲಿ ಹೆಂಗಸರದ್ದೇ ಒಂದು ತಂಡ ಹೊರಡುತ್ತೆ. ವೀಸಾ, ಗಾಡಿಯ ಪರ್ಮಿಟ್ಟು ಎಲ್ಲ ಒಂದು ಏಜೆನ್ಸಿ ಮಾಡಿಸುತ್ತೆ. ಆದರೆ ನನ್ನ ಪಾಸ್‌ಪೋರ್ಟು, ಹೊರದೇಶದಲ್ಲಿ ಗಾಡಿ ಓಡಿಸೋ ಇಂಟರ್‌ನ್ಯಾಷನಲ್ ಪರ್ಮಿಟ್ಟು — ಎರಡರ ಸ್ಕ್ಯಾನೂ ಅಕ್ಟೋಬರ್ ಮೂವತ್ತೊಂದರೊಳಗೆ ಅವರಿಗೆ ತಲುಪಬೇಕು. ಇಲ್ಲದಿದ್ದರೆ ನನ್ನ ಜಾಗ ಬೇರೆಯವರಿಗೆ.

ನಿನ್ನೆ ರಾತ್ರಿ ಮನೆಯಲ್ಲಿ ಹೇಳಿದಾಗ ನಮ್ಮಮ್ಮ: "ಮಲೇಷಿಯಾದಲ್ಲಿ ಎಂತ ಇದೆ?"
"ಗೊತ್ತಿಲ್ಲ. ಅದಕ್ಕೇ ಹೋಗೋದು."

ಅಜ್ಜಿ ಮಾಸ್ತಮ್ಮ: "ಅಲ್ಲಿ ಎಲೆಅಡಿಕೆ ಸಿಗುತ್ತೇನೆ?"
"ಬರ್ಮಾದಲ್ಲಿ ಎಲ್ಲರೂ ಹಾಕ್ತಾರಂತೆ ಅಜ್ಜಿ."
"ಹಂಗಾದ್ರೆ ನಮ್ಮ ಜನನೇ. ಹೋಗಿ ಬಾ."

ಮಹಾಮಂಡಲದ ಒಪ್ಪಿಗೆ ಸಿಕ್ಕಿತು.

೧೩ ಸೆಪ್ಟೆಂಬರ್

ಮೊನ್ನೆ ಶಿವಮೊಗ್ಗದಲ್ಲಿ ಬೆರಳಚ್ಚು, ಫೋಟೊ ಎಲ್ಲ ಆಯ್ತು. ಇವತ್ತು ಬೈಕಲ್ಲೇ ಸಾಗರಕ್ಕೆ ಹೋದೆ, ಆರ್‌ಟಿಒ ಕೆಲಸ. ಸರ್ವರ್ ಡೌನ್. ಬರ್ತಾ ದಾರಿಯಲ್ಲಿ ಹಸು ಅಡ್ಡ ಬಂತು. ಎಡಗಡೆ ಕನ್ನಡಿ ಹೋಯ್ತು, ಮೊಣಕಾಲು ತರಚಿತು. ಹಸುವಿಗೆ ಏನೂ ಆಗಿಲ್ಲ.

೧೭ ಸೆಪ್ಟೆಂಬರ್

ಗಾಡಿಗೂ ಒಂದು ಪಾಸ್‌ಪೋರ್ಟ್ ಇದೆ! ಕಾರ್ನೆಟ್ ಅಂತ ಹೆಸರು. ಅದರ ಫಾರಂ ಕಳಿಸಿದ್ದಾರೆ. ಇಂಜಿನ್ ನಂಬರ್, ಬಣ್ಣ, ಸೀಟು... ಗಾಡಿಯಲ್ಲಿ ರೇಡಿಯೋ ಇದೆಯೇ ಅಂತ ಕೂಡ ಕೇಳಿದ್ದಾರೆ. ಅಜ್ಜಿ ಹಿಂದೆ ಕೂತರೆ ಇದೆ.

೨೩ ಸೆಪ್ಟೆಂಬರ್

ಗ್ರಹಣ.

ಪಾಸ್‌ಪೋರ್ಟಿನ ಪೊಲೀಸ್ ವಿಚಾರಣೆಗೆ ಸ್ಟೇಷನ್ನಿಗೆ ಬಾ ಅಂತ ಫೋನ್ ಬಂತು. ಕಾನ್‌ಸ್ಟೇಬಲ್ ಅಶ್ವಿನ್, ಹೈಸ್ಕೂಲಲ್ಲಿ ನನ್ನ ಸೀನಿಯರ್. ಕುರ್ಚಿ ತೋರಿಸಿ, "ಬನ್ನಿ ವೀಸಾ ಮೇಡಂ" ಅಂದ.

ಮೇ ತಿಂಗಳ ವಿಷಯ. ಒಂದು ಭಾನುವಾರ ನಮ್ಮೂರು ನಗರದ, ಅಂದರೆ ಹಳೇ ಬಿದನೂರಿನ, ಕೋಟೆ ಬಾಗಿಲಲ್ಲಿ ಮೇಜು ಹಾಕ್ಕೊಂಡು, ತಲೆಗೆ ಅಜ್ಜಿಯ ಸೀರೆ ಪೇಟ ಸುತ್ಕೊಂಡು ಕೂತಿದ್ದೆ. "ಬಿದನೂರು ಸಂಸ್ಥಾನ, ಗಡಿ ಠಾಣೆ, ವೀಸಾ ಕಡ್ಡಾಯ" ಅಂತ ಬೋರ್ಡು. ಸಾಗರದಲ್ಲಿ ಮಾಡಿಸಿದ ಎರಡು ಸೀಲು — ಪ್ರವೇಶ ಮಂಜೂರು, ಪ್ರವೇಶ ನಿರಾಕರಿಸಲಾಗಿದೆ. ಬಂದವರೆಲ್ಲ ನಗ್ತಾ ಕೈಚಾಚಿ ಸೀಲು ಹಾಕಿಸ್ಕೊಂಡ್ರು, ಸೆಲ್ಫಿ ತಗೊಂಡ್ರು. ಒಬ್ಬರು ಮಾತ್ರ ನಗಲಿಲ್ಲ. ತೀರ್ಥಹಳ್ಳಿಯ ಮಂಜುನಾಥಪ್ಪನವರು, ಮೂರ್ನಾಲ್ಕು ಸಮಿತಿಗಳ ಅಧ್ಯಕ್ಷರು. ದಾವಣಗೆರೆಯ ಹೊಸ ಬೀಗರನ್ನ ಕೋಟೆ ತೋರಿಸೋಕೆ ಕರ್ಕೊಂಡು ಬಂದಿದ್ದರು.

"ಭೇಟಿಯ ಉದ್ದೇಶ?" ಅಂದೆ.
"ನಾನ್ಯಾರು ಅಂತ ಗೊತ್ತಾ ನಿಂಗೆ?"
"ಗೊತ್ತಿಲ್ಲದವರಿಗೇ ಸ್ವಾಮಿ ವೀಸಾ ಬೇಕಾಗೋದು" ಅಂದು ನಿರಾಕರಿಸಲಾಗಿದೆ ಅಂತ ಕೈಮೇಲೆ ಒತ್ತಿಬಿಟ್ಟೆ. ಬೀಗರು ಹೊಟ್ಟೆ ಹಿಡ್ಕೊಂಡು ನಕ್ಕರು. ಇವರು ಸಿಟ್ಟಿಗೆ ಕೋಟೆ ಒಳಗೆ ಹೋಗದೆ ಕಾರು ತಿರುಗಿಸಿದರು. ಮಾರನೇ ದಿನ ಬೀಗರ ಊಟ. ಬಡಿಸೋ ಕೈಯಲ್ಲಿ ನೇರಳೆ ಬಣ್ಣದ ಸೀಲು.

ಅವರೇ ನನ್ನ ಮೇಲೆ ದೂರು ಕೊಟ್ಟಿದ್ದಾರೆ. ಇನ್ನೂ ಬಾಕಿ ಇದೆ.

ಅಶ್ವಿನ್: "ಇದು ಇತ್ಯರ್ಥ ಆಗದೆ ನಾನು ಕ್ಲಿಯರ್ ಅಂತ ಹೆಂಗೆ ಬರೀಲಿ? ಅವರ ಹತ್ರ ಹೋಗಿ ಮುಗಿಸ್ಕೊಂಡು ಬಾ."

ಸುಳ್ಳು ವೀಸಾ ಕೊಟ್ಟವಳಿಗೆ ನಿಜವಾದ ಪಾಸ್‌ಪೋರ್ಟ್ ಇಲ್ಲ! ಬಿದನೂರಿನ ರಾಜತಾಂತ್ರಿಕ ಬಿಕ್ಕಟ್ಟು.

೬ ಅಕ್ಟೋಬರ್

ಮಂಜುನಾಥಪ್ಪನವರ ಷರತ್ತು ಅಶ್ವಿನ್ ಮೂಲಕ ಬಂತು. ನಾನು ಕ್ಷಮಾಪಣೆ ಬರೀಬೇಕು. ಅದನ್ನ ಅವರ ಸಮಿತಿ ಸಭೆಯಲ್ಲಿ, ಬೀಗರ ಎದುರು, ಮೈಕಲ್ಲಿ ಓದಬೇಕು.

ಆಗಲ್ಲ.

ದುರ್ಗೇಶ: "ಬರ್ದು ಬಿಸಾಕೆ ಮಾರಾಯ್ತಿ. ಒಂದು ಹಾಳೆ ತಾನೆ?"
"ನಗಿಸಿದ್ದಕ್ಕೆ ತಪ್ಪಾಯ್ತು ಅಂತ ಬರೆಯೋ ಪೆನ್ನು ನನ್ನತ್ರ ಇಲ್ಲ."
"ಹಂಗಾದ್ರೆ ಮಲೇಷಿಯಾ ಮರ್ತುಬಿಡು."
"ಅದನ್ನೂ ಮರೆಯಲ್ಲ."
"ಎರಡೂ ಹೆಂಗೆ ಆಗುತ್ತೆ?"
"ನೋಡ್ತಿರು."

ಹೆಂಗೆ ಆಗುತ್ತೋ ನನಗೂ ಗೊತ್ತಿಲ್ಲ. ಹೇಳುವಾಗ ಮಾತ್ರ ಗತ್ತಿನಲ್ಲೇ ಹೇಳಿದೆ.

೧೦ ಅಕ್ಟೋಬರ್

ಮತ್ತೆ ಸಾಗರ. ಮತ್ತೆ ಸರ್ವರ್ ಡೌನ್. ಮತ್ತೆ ಹಸು. ಈ ಸಲ ಇಂಡಿಕೇಟರ್.

ದುರ್ಗೇಶ, "ಅದೇ ಹಸುನಾ?" ಅಂತ ಕೇಳಿದ. "ಅದು ಹಸುಗಳ ಖಾಸಗಿ ವಿಚಾರ" ಅಂದೆ.

೨೦ ಅಕ್ಟೋಬರ್, ತೀರ್ಥಹಳ್ಳಿಯಿಂದ ಬರುವ ಬಸ್ಸಿನಲ್ಲಿ

ದಂಡಯಾತ್ರೆ ಮಾಡಿಯೇಬಿಟ್ಟೆ. ಕೈಚೀಲದಲ್ಲಿ ಎರಡೂ ಸೀಲು, ಇಂಕಿನ ಪ್ಯಾಡು, ನಾನೇ ಟೈಪ್ ಮಾಡಿದ ಒಂದು ಫಾರಂ.

ಅವರ ಹೆಂಡತಿ ಹೇಮಾವತಮ್ಮ ಬಾಗಿಲು ತೆಗೆದರು. "ಯಾರಮ್ಮ?"
"ಬಿದನೂರು ಸಂಸ್ಥಾನದಿಂದ."
ಒಳಗೆ ಪೇಪರ್ ಮಡಚಿದ ಸದ್ದು. ಮಂಜುನಾಥಪ್ಪನವರು ಹೊರಗೆ ಬಂದರು. "ಕ್ಷಮಾಪಣೆ ತಂದ್ಯಾ?"
"ಇಲ್ಲ ಸಾರ್. ಮೇಲ್ಮನವಿ ಫಾರಂ ತಂದಿದೀನಿ. ನಿಮ್ಮ ವೀಸಾ ತಿರಸ್ಕಾರ ಆಗಿತ್ತಲ್ಲ, ಅಪೀಲಿಗೆ ಅವಕಾಶ ಇದೆ."
"ನೋಡೇ, ಇವಳ ಸೊಕ್ಕು ನೋಡು!"
ಹೇಮಾವತಮ್ಮನಿಗೆ ನಗು ತಡೆಯೋಕೆ ಆಗ್ತಿಲ್ಲ. "ತುಂಬಿ ಕೊಡಿ ಅತ್ಲಾಗೆ. ಬಣ್ಣ ಹೋಗಿ ಯಾವ ಕಾಲ ಆಯ್ತು, ಇನ್ನೂ ಆ ಕೈ ಉಜ್ಜೋದು ಬಿಟ್ಟಿಲ್ಲ ನೀವು."
"ನಿಂಗೇನೇ ಗೊತ್ತು? ಬೀಗರು ಫೋನ್ ಮಾಡಿದಾಗೆಲ್ಲ 'ವೀಸಾ ಆಯ್ತಾ ಬೀಗ್ರೆ' ಅಂತಾರೆ. ನಾನು ಆ ಕೋಟೆ ತೋರಿಸ್ತೀನಿ ಅಂತ ದಾವಣಗೆರೆಯಿಂದ ಕರೆಸಿದ್ದೋನು. ಗೇಟಿಂದ ವಾಪಸ್ ಬಂದೆ."

ನಾನು ಫಾರಂ ಟೀಪಾಯಿ ಮೇಲಿಟ್ಟು ಪೆನ್ನಿನ ಕ್ಯಾಪ್ ತೆಗೆದೆ.

ಅವರು ನನ್ನ ಮುಖ, ಪೆನ್ನು, ಹೆಂಡತಿ ಮುಖ ನೋಡಿದರು. ಕನ್ನಡಕ ಹಾಕ್ಕೊಂಡರು. ಭೇಟಿಯ ಉದ್ದೇಶ ಅನ್ನೋ ಕಡೆ ಬರೆದರು — "ಬೀಗರಿಗೆ ನಮ್ಮ ಕೋಟೆ ತೋರಿಸುವುದು." ನಮ್ಮ ಅನ್ನೋದರ ಕೆಳಗೆ ಗೀಟು.

ಆಮೇಲೆ ಪೆನ್ನು ನನ್ನ ಕಡೆ ಚಾಚಿ, "ಈಗ ನನ್ನ ಸರದಿ. ನೀನು ಯಾಕೆ ಹೋಗ್ತಿದೀಯ? ಉದ್ದೇಶ ಹೇಳು" ಅಂದರು.

ನಾಲಿಗೆ ತುದಿಯಲ್ಲಿ ಒಂದು ಜೋಕ್ ರೆಡಿ ಇತ್ತು. ಬರಲಿಲ್ಲ.

"ನಮ್ಮ ಕಡೆಯವರ ಪಾಸ್‌ಪೋರ್ಟೆಲ್ಲ ನಾನೇ ತುಂಬಿದ್ದು ಸಾರ್. ಎರಡೂ ಕಿವಿ ಕಾಣೋ ಹಾಗೆ ಫೋಟೊ ತೆಗೆದೋಳೂ ನಾನೇ. ಹೋದವರೆಲ್ಲ ವಾಪಸ್ ಬಂದು ಚಾಕಲೇಟ್ ಕೊಡ್ತಾರೆ. ನಂಗೆ ಚಾಕಲೇಟ್ ತಿಂದು ತಿಂದು ಸಾಕಾಗಿದೆ."

ಹೇಮಾವತಮ್ಮ ಕಾಫಿ ತರೋಕೆ ಒಳಗೆ ಹೋದರು. ಇವರು ಮೀಸೆ ಸವರಿಕೊಂಡರು.

"ಗಾಡಿ ಸರಿಯಾಗಿ ಓಡಿಸೋಕೆ ಬರುತ್ತಾ?"
"ಅದಕ್ಕೆ ಇತಿಹಾಸವೇ ಉತ್ತರ ಹೇಳುತ್ತೆ ಸಾರ್."

ಅದೇ ಕೈಮೇಲೆ ಮಂಜೂರು ಒತ್ತಿದೆ. ಸ್ವಲ್ಪ ವಾರೆ ಆಯ್ತು. "ನೆಟ್ಟಗೆ ಹಾಕು" ಅಂತ ಇನ್ನೊಂದು ಕೈ ಕೊಟ್ಟರು. ದೂರು ವಾಪಸ್ ತಗೊಳ್ಳೋಕೆ ಒಂದೇ ಷರತ್ತು — ನಿರಾಕರಣೆಯ ಸೀಲು ಅವರಿಗೆ ಒಪ್ಪಿಸಬೇಕು. ಒಪ್ಪಿಸಿದೆ.

ತಪ್ಪಾಯ್ತು ಅನ್ನೋ ಮಾತು ಮಾತ್ರ ಈ ಬಾಯಿಂದ ಬರಲಿಲ್ಲ. ಚರಿತ್ರೆ ಗುರುತು ಹಾಕಿಕೊಳ್ಳಲಿ!

೩೧ ಅಕ್ಟೋಬರ್

ಪಾಸ್‌ಪೋರ್ಟ್ ಬಂತು. ಅಂಗಡಿ ಮುಂದೆ ನಿಂತು ಪೋಸ್ಟ್‌ಮ್ಯಾನ್ ಪುಸ್ತಕಕ್ಕೆ ಸಹಿ ಹಾಕಿಕೊಟ್ಟೆ. ನಾನೇ ತೆಗೆದ ನನ್ನ ಫೋಟೊ. ಎರಡೂ ಕಿವಿ ಕಾಣ್ತಿವೆ. ಅಜ್ಜಿ ಮುಟ್ಟಿ ನೋಡಿ, ಒಳಗಿನ ಖಾಲಿ ಹಾಳೆಗಳನ್ನ ತಿರುವಿ, "ಏನೂ ಬರೆದೇ ಇಲ್ವಲ್ಲೇ" ಅಂದಳು.

ಇವತ್ತೇ ಕೊನೇ ದಿನ. ಏಜೆನ್ಸಿಗೆ ಪಾಸ್‌ಪೋರ್ಟ್ ಸ್ಕ್ಯಾನ್ ಕಳಿಸಿ, ಇಂಟರ್‌ನ್ಯಾಷನಲ್ ಪರ್ಮಿಟ್ಟಿಗೆ ಸ್ವಲ್ಪ ಟೈಮ್ ಕೇಳಿದೆ. ಕಾರಣ: ಸರ್ವರ್. ನವೆಂಬರ್ ಹದಿನೈದು, ಅದರ ಮೇಲೆ ಒಂದು ದಿನವೂ ಇಲ್ಲ ಅಂದರು.

೩ ನವೆಂಬರ್, ಭಾನುವಾರ

ಮಂಜುನಾಥಪ್ಪನವರು ಬೀಗರ ಸಮೇತ ಕೋಟೆಗೆ ಬಂದರು. ಪೇಟ ಸುತ್ಕೊಂಡು ನಾನೇ ಬಾಗಿಲಲ್ಲಿ ನಿಂತಿದ್ದೆ. ಅವರು ಮಡಚಿಟ್ಟಿದ್ದ ಫಾರಂ ತೆಗೆದು ತೋರಿಸಿ, ಯಾರ ಮುಖವನ್ನೂ ನೋಡದೆ ಒಳಗೆ ನಡೆದರು. ಬೀಗರು ಈ ಸಲವೂ ನಕ್ಕರು. ಇವರೂ ನಕ್ಕರು!

ಹೊರಗೆ ಬಂದ ಮೇಲೆ ಬಾಂಬ್ ಹಾಕಿದರು. ಸಮಿತಿ ಕಡೆಯಿಂದ ನನಗೆ ಬೀಳ್ಕೊಡುಗೆಯಂತೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಫ್ಲೆಕ್ಸ್ ಪ್ರಿಂಟಾಗಿದೆ, ಮೊಬೈಲಲ್ಲಿ ತೋರಿಸಿದರು. "ವಿಶ್ವವಿಜಯಕ್ಕೆ ಹೊರಟ ಮಲೆನಾಡಿನ ವೀರವನಿತೆ." ನನ್ನ ಫೋಟೊ, ಹಿಂದೆ ವಿಮಾನ.

"ಬೈಕಲ್ಲಿ ಹೋಗೋದಲ್ವಾ ಸಾರ್, ವಿಮಾನ ಯಾಕೆ?"
"ಫಾರಿನ್ ಅಂದ್ಮೇಲೆ ವಿಮಾನ ಬೇಡ್ವೇನಮ್ಮ?"

ದುರ್ಗೇಶನ ಪಿಕಪ್ಪಲ್ಲಿ ಅಜ್ಜಿಯನ್ನ ಕೂರಿಸಿ ಮೆರವಣಿಗೆಯಂತೆ. ಅಜ್ಜಿ ಆಗಲೇ ಸೀರೆ ತೆಗೆದಿಟ್ಟಿದ್ದಾಳೆ.

೪ ನವೆಂಬರ್, ಬೆಳಿಗ್ಗೆ, ಸಾಗರ

ಆರ್‌ಟಿಒ ಮೈದಾನ. ಸರದಿಯಲ್ಲಿ ಕೂತು ಬರೀತಿದೀನಿ. ನನ್ನ ಮುಂದೆ ಇನ್ನು ಒಬ್ಬನೇ.

ಇದನ್ನ ಯಾರೂ ಓದಲ್ಲ, ಹಾಗಾಗಿ ಬರೆದಿಡ್ತೀನಿ. ಸರ್ವರ್ ಒಂದು ದಿನವೂ ಡೌನ್ ಆಗಿರಲಿಲ್ಲ. ಪಾಪ, ಅದರ ಪಾಡಿಗೆ ಅದು ಓಡ್ತಿತ್ತು. ಇಂಟರ್‌ನ್ಯಾಷನಲ್ ಪರ್ಮಿಟ್ ಸಿಗಬೇಕಾದ್ರೆ ಮೊದಲು ಇಲ್ಲಿನ ಲೈಸೆನ್ಸ್ ಇರಬೇಕು. ನನ್ನತ್ರ ಇರೋದು ಬರೀ ಎಲ್‌ಎಲ್, ಕಲಿಯೋರಿಗೆ ಕೊಡೋದು. ಟೆಸ್ಟಲ್ಲಿ ಗಾಡಿ ಓಡಿಸ್ತಾ ನೆಲದ ಮೇಲೆ ಎಂಟು ಹಾಕ್ಬೇಕು, ಕಾಲು ನೆಲಕ್ಕೆ ತಾಗಬಾರದು. ಎರಡು ಸಲವೂ ಬಿದ್ದೆ. ಕನ್ನಡಿ ಒಂದು ಸಲ, ಇಂಡಿಕೇಟರ್ ಇನ್ನೊಂದು ಸಲ.

ಹಸುವೂ ಇರಲಿಲ್ಲ.

ಬಲಕ್ಕೆ ಚೆನ್ನಾಗಿ ತಿರುಗುತ್ತೆ. ಮಲೇಷಿಯಾವರೆಗೂ ಬಲಕ್ಕೇ ತಿರುಗಿಕೊಂಡು ಹೋಗೋ ದಾರಿ ಇದೆಯಾ ಅಂತ ಮ್ಯಾಪಲ್ಲಿ ಹುಡುಕಿಯೂ ಆಯ್ತು. ಎಡಕ್ಕೆ ತಿರುಗುವಾಗ ಮಾತ್ರ ಈ ಕಾಲು ತಾನಾಗೇ...

ಹೆಸರು ಕರೆದ್ರು —