ಸಿಡುಕು ರಾಜಕುಮಾರಿಗೆ ನಾನು ಕೊಟ್ಟ ದನಿ

ಮಾರ್ಚ್ ೧೨, ಗುರುವಾರ.

ಸಿಡುಕು ರಾಜಕುಮಾರಿಯ ಕತೆಯನ್ನು ನನಗೆ ಮೊದಲು ಹೇಳಿದವಳು ಅಜ್ಜಿ, ನನಗಿನ್ನೂ ಹಾಲುಹಲ್ಲು ಬೀಳುತ್ತಿದ್ದಾಗ. ಎದುರಿಗೆ ಕೂತವರನ್ನು ಕತೆಯೊಳಗೆ ಎಳೆಯಬೇಡ ಅಂತಲೂ ಹೇಳಿದ್ದಳು. ನಿನ್ನೆ ಸಂಜೆ ಮನೆಯ ಮಕ್ಕಳಿಗೆ ಆ ಕತೆ ಹೇಳುವಾಗ ಅದನ್ನೇ ಮಾಡಿದೆ. ಅವರು ನಗಲಿ ಅಂತ ರಾಜಕುಮಾರಿಗೆ, ಅಲ್ಲೇ ಕೂತಿದ್ದ ಅಕ್ಕನ ಮಗಳ ದನಿ ಕೊಟ್ಟೆ: "ಹೋಗಾಚೆ, ನನ್ನ ತಂಟೆಗೆ ಬರಬೇಡ." ಮಕ್ಕಳು ಬಿದ್ದು ಬಿದ್ದು ನಕ್ಕರು. ಅವಳು ಎದ್ದು ಒಳಗೆ ಹೋದಳು.

ಆಮೇಲೆ ಅಡುಗೆಮನೆಯಲ್ಲಿ ಅಕ್ಕ ನನ್ನ ಮುಖ ನೋಡದೆ ಹೇಳಿದಳು: "ಅವಳು ಸೈಕಲ್ಲಿಂದ ಬಿದ್ದಾಗ ಹಣೆ ಹಿಂದಿನ ಮಿದುಳಿಗೇ ಪೆಟ್ಟಾಗಿದ್ದು ಕಣೋ. ಸಿಟ್ಟಿಗೆ ಲಗಾಮು ಹಾಕೋ ಜಾಗ ಅದು. ಈ ವಯಸ್ಸಲ್ಲಿ ಅದು ಹೇಗೂ ಪೂರ್ತಿ ಬಲಿತಿರಲ್ಲ ಅಂತಾರೆ ಡಾಕ್ಟ್ರು. ಬೈದಾದ ಮೇಲೆ ಒಬ್ಬಳೇ ಕೂತು ಅಳ್ತಾಳೆ, ಅದು ನಿನಗೆ ಕಾಣಲ್ಲ."

ಅವಳನ್ನು ಹಟಮಾರಿ ಅಂದುಕೊಂಡಿದ್ದೆ ನಾನು. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಬೇರೆ ನನ್ನದು.

ಇವತ್ತು ಬೆಳಿಗ್ಗೆ ಮಕ್ಕಳು ಅಂಗಳದಲ್ಲಿ ಅದೇ ಕತೆಯ ಆಟ ಆಡುತ್ತಿದ್ದರು. ಅಕ್ಕನ ಮಗಳು ಬಾಗಿಲಲ್ಲಿ ನಿಂತು, "ನನ್ನನ್ನೂ ಸೇರಿಸ್ಕೊಳ್ರೋ, ರಾಜಕುಮಾರಿ ಮಾತ್ರ ಆಗಲ್ಲ" ಅಂದಳು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಚಿಕ್ಕವನು ಮಾತ್ರ, "ಸೈನಿಕ ಆಗಕ್ಕಾ" ಅಂತ ಕತ್ತಿ ಮಾಡಿಕೊಂಡಿದ್ದ ತನ್ನ ಕೋಲನ್ನು ಅವಳ ಕೈಗೆ ಕೊಟ್ಟ.

ಅವನ ಜಾಗದಲ್ಲಿ ನಾನಾಗಿದ್ದರೆ ಅವಳ ಕೈಗೆ ಕೋಲು ಕೊಡುತ್ತಿರಲಿಲ್ಲ.